ಔಟ್‌ಬೋರ್ಡ್ ಎಂಜಿನ್: ಆಯಿಲ್ ಅಲಾರಂ ಮತ್ತು ದೋಷ ಪತ್ತೆ

ದೋಣಿಯ ಹಿಂಬದಿಯ ಹಲಗೆಗೆ ತಿರುಪು ಬಿಗಿದು ತೂಗುಹಾಕುವ ಎಂಜಿನ್ನೇ ಔಟ್‌ಬೋರ್ಡ್. ಮೇಲೆ ಎಂಜಿನ್, ನಡುವೆ ಉದ್ದನೆಯ ಶಾಫ್ಟ್, ನೀರೊಳಗೆ ಗೇರು ಮತ್ತು ಪ್ರೊಪೆಲರ್. ಎಲ್ಲವೂ ಒಂದೇ ಘಟಕವಾದ್ದರಿಂದ ಬೇಕೆಂದಾಗ ಕಳಚಿ ಜೀಪಿನಲ್ಲಿ ಹಾಕಿಕೊಂಡು ಹೊರಡಬಹುದು. ಅಗ್ನಿಶಾಮಕ ಮತ್ತು ವಿಪತ್ತು ಪಡೆಯವರು ಇದನ್ನು ‘ಓಬಿಎಂ’ ಎನ್ನುತ್ತಾರೆ. ಈ ಎಂಜಿನ್‌ಗೆ ಆಯಿಲ್ ಸರಿಯಾಗಿ ಸಿಗುತ್ತಿಲ್ಲ ಎಂದು ಚಾಲಕನಿಗೆ ತಿಳಿಸುವ ಹಾರ್ನ್, ದೀಪ ಮತ್ತು ಸೆನ್ಸರ್‌ಗಳ ಏರ್ಪಾಡಿಗೆ ಆಯಿಲ್ ಅಲಾರಂ ಎಂದು ಹೆಸರು. ಎಂಜಿನ್ ಹಳೆಯದಾದಂತೆ ಅಲಾರಂ ಕೂಗುವುದಕ್ಕೆ ಎರಡು ಬಗೆಯ ಕಾರಣ ಹುಟ್ಟಿಕೊಳ್ಳುತ್ತವೆ: ಒಂದು, ನಿಜವಾದ ಆಯಿಲ್ ಕೊರತೆ, ಇನ್ನೊಂದು, ಹಾಳಾದ ಸೆನ್ಸರ್ ಅಥವಾ ತುಕ್ಕು ಹಿಡಿದ ತಂತಿ. ಇವೆರಡನ್ನು ಬೇರ್ಪಡಿಸಿ ನೋಡುವ ಕ್ರಮ ಗೊತ್ತಿದ್ದರೆ ಎಂಜಿನ್ ಉಳಿಯುತ್ತದೆ. ಪ್ರವಾಹದ ಹೊತ್ತಿನಲ್ಲಾದರೆ ದೋಣಿಯಲ್ಲಿದ್ದವರೂ ಉಳಿಯುತ್ತಾರೆ.

ಬಿಸಿಲುನಾಡಿನ ದೋಣಿಗಳು

ಕಲಬುರಗಿ ತೊಗರಿಯ ಕಣಜ, ಬಿಸಿಲಿನ ಜಿಲ್ಲೆ. ದೋಣಿ ಎಂಜಿನ್ನಿನ ಮಾತು ಇಲ್ಲಿಗೆ ದೂರದ್ದು ಎನಿಸಬಹುದು. ಆದರೆ ಕಲಬುರಗಿ–ಹುಮನಾಬಾದ್ ಹೆದ್ದಾರಿಯ ಮಹಾಗಾಂವ ಸುತ್ತಲಿನ ನೀರು ಹರಿಯುವ ದಾರಿಯನ್ನು ಗಮನಿಸಿದರೆ ಚಿತ್ರ ಬದಲಾಗುತ್ತದೆ. ಕಮಲಾಪುರ ಸೀಮೆಯ ಬೆಳಕೋಟಾ ಬಳಿ ಗಂಡೋರಿ ನಾಲಾಕ್ಕೆ ಜಲಾಶಯವಿದೆ. ಗಂಡೋರಿ ನಾಲಾ ಬೆಣ್ಣೆತೊರಾಕ್ಕೆ, ಬೆಣ್ಣೆತೊರಾ ಕಾಗಿಣಾಕ್ಕೆ, ಕಾಗಿಣಾ ಭೀಮಾಕ್ಕೆ ಸೇರುತ್ತವೆ. ಮೇಲೆ ಜೋರು ಮಳೆಯಾಗಿ ಅತ್ತ ಮಹಾರಾಷ್ಟ್ರದ ಉಜನಿ ಜಲಾಶಯದಿಂದಲೂ ನೀರು ಬಿಟ್ಟರೆ ಅಫಜಲಪುರ, ಜೇವರ್ಗಿ, ಚಿತ್ತಾಪುರ ತಾಲೂಕುಗಳ ದಂಡೆಯ ಊರುಗಳಿಗೆ ರಸ್ತೆ ಕಡಿದುಹೋಗುತ್ತದೆ.

2020ರ ಅಕ್ಟೋಬರ್‌ನಲ್ಲಿ ಆದದ್ದು ಇದೇ. ಭೀಮಾ ಉಕ್ಕಿ ಹಳ್ಳಿಗಳು ಜಲಾವೃತವಾದಾಗ ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್ ಮತ್ತು ಸೇನೆಯ ತಂಡಗಳು ರಕ್ಷಣೆಗೆ ಇಳಿದವು. 2025ರ ಸೆಪ್ಟೆಂಬರ್ ಕೊನೆಯಲ್ಲಿ ನದಿ ಮತ್ತೆ ಉಕ್ಕಿತು. ಇಂಥ ಕೆಲಸಕ್ಕೆ ಗಾಳಿ ತುಂಬಿದ ರಬ್ಬರ್ ದೋಣಿಗಳು, ಅವುಗಳ ಬೆನ್ನಿಗೆ ಓಬಿಎಂಗಳು.

ಸಮುದ್ರದ ಎಂಜಿನ್‌ಗೂ ಪ್ರವಾಹದ ಎಂಜಿನ್‌ಗೂ ಬದುಕಿನಲ್ಲಿ ಅಂತರವಿದೆ. ಮೀನುಗಾರನ ಎಂಜಿನ್ ಹೆಚ್ಚುಕಡಿಮೆ ದಿನವೂ ಓಡುತ್ತದೆ; ಸದ್ದಿನಲ್ಲಿ ಸಣ್ಣ ವ್ಯತ್ಯಾಸವಾದರೂ ಅವನ ಕಿವಿಗೆ ತಟ್ಟುತ್ತದೆ. ರಕ್ಷಣಾ ದೋಣಿಯ ಎಂಜಿನ್ ವರ್ಷದ ಬಹುಪಾಲು ಉಗ್ರಾಣದಲ್ಲಿ ನಿಂತಿದ್ದು, ಒಂದು ದಿನ ಇದ್ದಕ್ಕಿದ್ದಂತೆ ರಾತ್ರಿಹಗಲು ದುಡಿಯಬೇಕಾಗುತ್ತದೆ. ಟ್ಯಾಂಕಿನ ತಳದಲ್ಲಿ ನೀರು ಕೂರುವುದು, ರಬ್ಬರ್ ಪೈಪ್ ಬಿರಿಯುವುದು, ಕನೆಕ್ಟರ್‌ಗೆ ಹಸಿರು ತುಕ್ಕು ಹತ್ತುವುದು ಎಲ್ಲವೂ ಎಂಜಿನ್ ನಿಂತಿರುವಾಗಲೇ ಆಗುವ ಕೆಲಸಗಳು.

ಆಯಿಲ್ ಯಾಕೆ ಇಷ್ಟು ಮುಖ್ಯ

ಹಳೆಯ ಔಟ್‌ಬೋರ್ಡ್‌ಗಳಲ್ಲಿ ಹೆಚ್ಚಿನವು ಎರಡು ಸ್ಟ್ರೋಕಿನವು. ಕಾರಿನಂತೆ ಇವುಗಳಲ್ಲಿ ಆಯಿಲ್ ನಿಲ್ಲುವ ಸಂಪ್ ಇರುವುದಿಲ್ಲ. ಪೆಟ್ರೋಲಿನ ಜೊತೆ ಒಳಹೋಗುವ ಆಯಿಲ್ಲೇ ಕ್ರ್ಯಾಂಕ್ ಬೇರಿಂಗ್, ಕನೆಕ್ಟಿಂಗ್ ರಾಡ್, ಪಿಸ್ಟನ್ ಎಲ್ಲಕ್ಕೂ ಹತ್ತಿ, ಕೊನೆಗೆ ಉರಿದುಹೋಗುತ್ತದೆ. ಹೀಗಾಗಿ ಆಯಿಲ್ ನಿಂತ ಗಳಿಗೆಯಿಂದಲೇ ಎಂಜಿನ್ ಒಣಗತೊಡಗುತ್ತದೆ. ಪಿಸ್ಟನ್ ಕಾದು ಹಿಗ್ಗಿ, ಅದರ ಅಲ್ಯೂಮಿನಿಯಂ ಸಿಲಿಂಡರ್ ಗೋಡೆಗೆ ಮೆತ್ತಿಕೊಂಡು ಎಂಜಿನ್ ಸೀಜ್ ಆಗುತ್ತದೆ. ಪೂರ್ತಿ ವೇಗದಲ್ಲಿದ್ದರೆ ಇದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಸಾಮಾನ್ಯ ಮಿಶ್ರಣ 50ಕ್ಕೆ 1. ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್, ಹತ್ತು ಲೀಟರ್ ಕ್ಯಾನಿಗೆ 200 ಮಿಲಿಲೀಟರ್ ಆಯಿಲ್. ಇದನ್ನು ಕೈಯಿಂದಲೇ ಅಳೆದು ಬೆರೆಸುವ ಎಂಜಿನ್‌ಗಳಿಗೆ ಆಯಿಲ್ ಟ್ಯಾಂಕೂ ಇಲ್ಲ, ಆಯಿಲ್ ಅಲಾರಮೂ ಇಲ್ಲ. ಸಣ್ಣ, ಹಗುರ ಎಂಜಿನ್‌ಗಳು ಬಹುತೇಕ ಈ ಜಾತಿಯವು. ಪ್ರತ್ಯೇಕ ಟ್ಯಾಂಕಿನಿಂದ ಪಂಪ್ ಮೂಲಕ ಆಯಿಲ್ ಬೆರೆಯುವ ದೊಡ್ಡ ಎಂಜಿನ್‌ಗಳಿಗೇ ಅಲಾರಂ ಬೇಕಾಯಿತು. ಯಾಕೆಂದರೆ ಅಲ್ಲಿ ಮನುಷ್ಯನ ಕೈಯ ಕೆಲಸವನ್ನು ಪಂಪ್ ವಹಿಸಿಕೊಂಡಿದೆ. ಅದು ಕೈಕೊಟ್ಟರೆ ಹೊರಗಿನಿಂದ ಕಾಣುವಂಥದ್ದೇನೂ ಇರುವುದಿಲ್ಲ.

ಆಯಿಲ್ಲಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ನೀರಿನಿಂದ ತಣಿಯುವ ಔಟ್‌ಬೋರ್ಡ್‌ಗಳಿಗೆ ಟಿಸಿ-ಡಬ್ಲ್ಯೂ3 ದರ್ಜೆಯ, ಬೂದಿ ಬಿಡದ ಆಯಿಲ್ ಬೇಕು. ಪೆಟ್ರೋಲ್ ಬಂಕಿನಲ್ಲಿ ಸ್ಕೂಟರ್, ಆಟೋಗಳಿಗೆ ಸಿಗುವ 2ಟಿ ಆಯಿಲ್ ಗಾಳಿಯಿಂದ ತಣಿಯುವ ಬಿಸಿ ಎಂಜಿನ್‌ಗಾಗಿ ಮಾಡಿದ್ದು. ಎರಡನ್ನೂ ಒಂದೇ ಟ್ಯಾಂಕಿಗೆ ಸುರಿದರೆ ಕೆಲವೊಮ್ಮೆ ಗಟ್ಟಿಯಾಗಿ ಲೋಳೆಗಟ್ಟಿ ಜಾಲರಿಯನ್ನು ಮುಚ್ಚುತ್ತದೆ. ತುರ್ತಿನಲ್ಲಿ ಕೈಗೆ ಸಿಕ್ಕ ಡಬ್ಬಿ ಸುರಿದು ತಿಂಗಳುಗಟ್ಟಲೆ ಮರೆತ ಎಂಜಿನ್‌ಗಳಲ್ಲಿ ಅಲಾರಂ ಬರಲು ಇದೂ ಒಂದು ಕಾರಣ.

ಬೆಳೆದು ಬಂದ ಬಗೆ

ನಾರ್ವೆ ಮೂಲದ ಓಲೆ ಎವಿನ್‌ರೂಡ್ ಅಮೆರಿಕದ ಮಿಲ್ವಾಕಿಯಲ್ಲಿ 1909ರಲ್ಲಿ ತನ್ನ ಔಟ್‌ಬೋರ್ಡ್ ಎಂಜಿನ್ ಮಾರಾಟಕ್ಕೆ ತಂದ. ಜಪಾನಿನ ಯಮಹಾ 1960ರಲ್ಲಿ ಈ ಕ್ಷೇತ್ರಕ್ಕೆ ಇಳಿಯಿತು; ಹೋಂಡಾ 1964ರಲ್ಲಿ ನಾಲ್ಕು ಸ್ಟ್ರೋಕಿನ ಔಟ್‌ಬೋರ್ಡ್ ತಂದಿತು. ಆಗೆಲ್ಲ ಎರಡು ಸ್ಟ್ರೋಕ್ ಎಂದರೆ ಕೈಯಿಂದ ಆಯಿಲ್ ಬೆರೆಸುವುದೇ.

1984ರ ಹೊತ್ತಿಗೆ ತಾನಾಗಿ ಆಯಿಲ್ ಬೆರೆಸುವ ಏರ್ಪಾಡುಗಳು ದೊಡ್ಡ ಎಂಜಿನ್‌ಗಳಿಗೆ ಬಂದವು. ಜಾನ್ಸನ್ ಮತ್ತು ಎವಿನ್‌ರೂಡ್ ತಯಾರಿಸುತ್ತಿದ್ದ ಓಎಂಸಿ ಕಂಪನಿಯ ‘ವಿಆರ್‌ಓ’ ಪಂಪ್, ಪೆಟ್ರೋಲ್ ಮತ್ತು ಆಯಿಲ್ ಎರಡನ್ನೂ ಒಟ್ಟಿಗೆ ಎಳೆದು, ನಿಧಾನದಲ್ಲಿ 150ಕ್ಕೆ 1, ಪೂರ್ತಿ ವೇಗದಲ್ಲಿ 50ಕ್ಕೆ 1 ಅಳತೆಯಲ್ಲಿ ಬೆರೆಸುತ್ತಿತ್ತು. ಯಮಹಾದ ‘ಪ್ರಿಸಿಷನ್ ಬ್ಲೆಂಡ್’ ಏರ್ಪಾಡಿನ ದೊಡ್ಡ ಮಾದರಿಗಳಲ್ಲಿ ದೋಣಿಯೊಳಗೊಂದು ದೊಡ್ಡ ಟ್ಯಾಂಕು, ಎಂಜಿನ್ ಮೇಲೊಂದು ಸಣ್ಣ ಟ್ಯಾಂಕು. ಮರ್ಕ್ಯುರಿ ಕಂಪನಿಯ ಕೆಲವು ವಿ-6 ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ನಿಂದ ಗೇರು ಮೂಲಕ ತಿರುಗುವ ಪಂಪು, ಅದು ತಿರುಗುತ್ತಿದೆಯೇ ಎಂದು ಕಾಯುವ ಸೆನ್ಸರು.

ಅಮೆರಿಕದಲ್ಲಿ 1996ರ ಹೊಗೆ ನಿಯಮಗಳು 1998ರಿಂದ 2006ರವರೆಗೆ ಹಂತಹಂತವಾಗಿ ಜಾರಿಯಾದ ಮೇಲೆ ಕಾರ್ಬ್ಯುರೇಟರಿನ ಎರಡು ಸ್ಟ್ರೋಕ್ ಎಂಜಿನ್‌ಗಳು ಅಲ್ಲಿನ ಮಾರುಕಟ್ಟೆಯಿಂದ ಹಿಂದೆ ಸರಿದವು. ಓಎಂಸಿ 2000ದ ಡಿಸೆಂಬರ್‌ನಲ್ಲಿ ದಿವಾಳಿಯಾಯಿತು. ಅದರ ಎಂಜಿನ್ ವ್ಯವಹಾರ ಕೆನಡಾದ ಬೊಂಬಾರ್ಡಿಯರ್ ಪಾಲಾಗಿ, 2020ರಲ್ಲಿ ಎವಿನ್‌ರೂಡ್ ತಯಾರಿಕೆಯೇ ನಿಂತಿತು. ಹಳೆಯ ಎಂಜಿನ್ ಇಟ್ಟುಕೊಂಡವರು ಬಿಡಿಭಾಗಕ್ಕೆ ಅಲೆದಾಡಬೇಕಾಗಿ ಬಂದದ್ದರಲ್ಲಿ ಇಂಥ ಬದಲಾವಣೆಗಳ ಪಾಲೂ ಇದೆ.

ಸದ್ದು ಏನು ಹೇಳುತ್ತದೆ

ಹಲವು ಎಂಜಿನ್‌ಗಳಲ್ಲಿ ಆಯಿಲ್ ಕೊರತೆಗೂ ಎಂಜಿನ್ ಅತಿಯಾಗಿ ಕಾದದ್ದಕ್ಕೂ ಹಾರ್ನ್ ಒಂದೇ; ಕೂಗುವ ಲಯ ಮಾತ್ರ ಬೇರೆ. ಓಎಂಸಿ ಎಂಜಿನ್‌ಗಳಲ್ಲಿ ಟ್ಯಾಂಕಿನ ಆಯಿಲ್ ತಗ್ಗಿದರೆ ಮಾದರಿಯ ವರ್ಷಕ್ಕೆ ತಕ್ಕಂತೆ 20 ಅಥವಾ 40 ಸೆಕೆಂಡಿಗೊಮ್ಮೆ ಚುಟುಕು ಕೂಗು. ಪಂಪಿಗೆ ಆಯಿಲ್ಲೇ ಬರದಿದ್ದರೆ ಅರ್ಧ ಸೆಕೆಂಡು ಕೂಗಿ ಅರ್ಧ ಸೆಕೆಂಡು ನಿಲ್ಲುವ ಬಿರುಸಿನ ಕೂಗು. ಎಂಜಿನ್ ಕಾದಿದ್ದರೆ ಎಡೆಬಿಡದ ಕೂಗು. ಮರ್ಕ್ಯುರಿಯಲ್ಲಿ ತಡೆತಡೆದು ಬರುವುದು ಆಯಿಲ್ಲಿನದು, ನಿರಂತರವಾದದ್ದು ಬಿಸಿಯದು. ಯಮಹಾದ ಎರಡು ಟ್ಯಾಂಕಿನ ಮಾದರಿಗಳಲ್ಲಿ ಹಸಿರು, ಹಳದಿ, ಕೆಂಪು ಗುರುತುಗಳಿವೆ: ಹಳದಿ ಬಂದರೆ ದೋಣಿಯ ದೊಡ್ಡ ಟ್ಯಾಂಕು ತಗ್ಗಿದೆ, ಕೆಂಪು ಬಂದು ಬಜರ್ ಕೂಗಿದರೆ ಎಂಜಿನ್ ಮೇಲಿನ ಸಣ್ಣ ಟ್ಯಾಂಕೇ ಬರಿದಾಗುತ್ತಿದೆ, ಎಂಜಿನ್ ವೇಗವನ್ನು ತಾನೇ ಸುಮಾರು 2000 ಆರ್‌ಪಿಎಂಗೆ ಇಳಿಸಿಕೊಳ್ಳುತ್ತದೆ.

ಕೈಪಿಡಿ ಕಳೆದುಹೋಗಿದ್ದರೆ ಎಂಜಿನ್ನಿನ ಮಾದರಿ ಸಂಖ್ಯೆ ಹಿಡಿದು ಆ ವರ್ಷದ ಕೈಪಿಡಿಯನ್ನೇ ಹುಡುಕಬೇಕು. ಒಂದು ಕಂಪನಿಯ ಲಯವನ್ನು ಇನ್ನೊಂದಕ್ಕೆ ಹಚ್ಚಿ ಓದಿದರೆ ದಾರಿ ತಪ್ಪುತ್ತದೆ.

ಕೂಗಿದ ಕೂಡಲೇ

ಮೊದಲು ಮಾಡಬೇಕಾದದ್ದು ಥ್ರಾಟಲ್ ಇಳಿಸುವುದು. ಎರಡನೆಯದು, ಎಂಜಿನ್ ಪಕ್ಕದಿಂದ ಚಿಮ್ಮುವ ತಣಿಸುವ ನೀರಿನ ಎಳೆ ಬರುತ್ತಿದೆಯೇ ನೋಡುವುದು. ಭೀಮಾ ಬಯಲು ಕಪ್ಪುಮಣ್ಣಿನ ನೆಲ. ಪ್ರವಾಹದ ನೀರಿನಲ್ಲಿ ರಾಡಿ, ಕಬ್ಬಿನ ರವದಿ, ಜೊಂಡು ತೇಲುತ್ತಿರುತ್ತವೆ. ನೀರೆಳೆಯುವ ಕಿಂಡಿ ಮುಚ್ಚಿ ಎಂಜಿನ್ ಕಾದಿದ್ದರೆ ಆಯಿಲ್ ಹುಡುಕುತ್ತ ಕೂರುವುದು ವ್ಯರ್ಥ. ನೀರು ಚೆನ್ನಾಗಿ ಬರುತ್ತಿದ್ದು ಆಯಿಲ್ಲಿನ ಲಯದಲ್ಲೇ ಹಾರ್ನ್ ಕೂಗುತ್ತಿದ್ದರೆ ಸುರಕ್ಷಿತ ಜಾಗ ನೋಡಿ ಎಂಜಿನ್ ನಿಲ್ಲಿಸಿ ಟ್ಯಾಂಕು ಪರೀಕ್ಷಿಸಬೇಕು. ಸೆಳವಿನ ನಡುವೆ ನಿಲ್ಲಿಸುವುದೇ ಅಪಾಯವಾಗಿದ್ದರೆ ಅತಿ ಕಡಿಮೆ ವೇಗದಲ್ಲಿ ದಂಡೆ ಸೇರಬೇಕು. ಮರ್ಕ್ಯುರಿಯಂಥ ಎರಡು ಟ್ಯಾಂಕಿನ ಏರ್ಪಾಡಿನಲ್ಲಿ ದೊಡ್ಡ ಟ್ಯಾಂಕು ಖಾಲಿಯಾದ ಮೇಲೂ ಎಂಜಿನ್ ಮೇಲಿನ ಟ್ಯಾಂಕಿನಲ್ಲಿ ಸ್ವಲ್ಪ ಆಯಿಲ್ ಇರುತ್ತದೆ. ಅದು ದಂಡೆ ಮುಟ್ಟಲು ಇಟ್ಟ ಮೀಸಲು. ಯಮಹಾದಲ್ಲಿ ಎಂಜಿನ್ ಮುಚ್ಚಳದಡಿ ಇರುವ ತುರ್ತು ಸ್ವಿಚ್ ಒತ್ತಿದರೆ ದೊಡ್ಡ ಟ್ಯಾಂಕಿನ ಆಯಿಲ್ ಮೇಲೇರುತ್ತದೆ.

ಇನ್ನೊಂದು ಆಸರೆಯಿದೆ. ಪಂಪಿನ ಮೇಲೆ ಅನುಮಾನ ಬಂದರೆ ಪೆಟ್ರೋಲ್ ಕ್ಯಾನಿಗೇ 50ಕ್ಕೆ 1ರಂತೆ ಆಯಿಲ್ ಬೆರೆಸಿ ಮುಂದುವರಿಯಬಹುದು. ಪಂಪ್ ಸರಿಯಿದ್ದರೆ ಆಯಿಲ್ ದುಪ್ಪಟ್ಟಾಗಿ ಹೊಗೆ ಹೆಚ್ಚುತ್ತದೆ, ಪ್ಲಗ್ ಕಪ್ಪಾಗುತ್ತದೆ, ಅಷ್ಟೆ. ಪಂಪ್ ಕೆಟ್ಟಿದ್ದರೆ ಎಂಜಿನ್ ಬದುಕಿರುತ್ತದೆ. ಆದ್ದರಿಂದ ರಕ್ಷಣಾ ದೋಣಿಯಲ್ಲಿ ಒಂದು ಲೀಟರ್ ಟಿಸಿ-ಡಬ್ಲ್ಯೂ3 ಆಯಿಲ್ ಮತ್ತು ಅಳತೆಯ ಲೋಟ ಯಾವಾಗಲೂ ಇರಬೇಕು.

ದೋಷ ಹುಡುಕುವ ಕ್ರಮ

ದಂಡೆಗೆ ಬಂದ ಮೇಲೆ ಸುಲಭವಾದದ್ದರಿಂದ ಕಷ್ಟದ ಕಡೆಗೆ ಹೋಗಬೇಕು. ಟ್ಯಾಂಕಿನಲ್ಲಿ ಆಯಿಲ್ ಎಷ್ಟಿದೆ? ಮುಚ್ಚಳದ ಗ್ಯಾಸ್ಕೆಟ್ ಸರಿ ಕೂತಿದೆಯೇ? ಕ್ರ್ಯಾಂಕ್‌ಕೇಸಿನ ಒತ್ತಡದಿಂದ ಆಯಿಲ್ ಮೇಲೇರಿಸುವ ಮರ್ಕ್ಯುರಿ ಮಾದರಿಗಳಲ್ಲಿ ದೊಡ್ಡ ಟ್ಯಾಂಕಿನ ಮುಚ್ಚಳ ಸಡಿಲವಾದರೆ ಗಾಳಿ ಸೋರಿ, ಟ್ಯಾಂಕು ತುಂಬಿದ್ದರೂ ಎಂಜಿನ್‌ಗೆ ಆಯಿಲ್ ಹೋಗುವುದಿಲ್ಲ. ಇದು ಬಿಡಿಗಾಸಿನ ಖರ್ಚಿಲ್ಲದೆ ಸರಿಹೋಗುವ ದೋಷ.

ಮುಂದೆ ನೀರಿನ ಪರೀಕ್ಷೆ. ಆಯಿಲ್ಲಿಗಿಂತ ನೀರು ಭಾರ, ಹಾಗಾಗಿ ಟ್ಯಾಂಕಿನ ತಳಕ್ಕಿಳಿಯುತ್ತದೆ. ಹೀರುವ ಪೈಪಿನ ಬಾಯಿಯೂ ತಳದಲ್ಲೇ ಇರುವುದರಿಂದ ಎಂಜಿನ್ ಮೊದಲು ಎಳೆದುಕೊಳ್ಳುವುದು ನೀರನ್ನೇ. ತಳದಿಂದ ಸ್ವಲ್ಪ ಆಯಿಲ್ಲನ್ನು ಗಾಜಿನ ಬಾಟಲಿಗೆ ಬಸಿದು ಒಂದಿಷ್ಟು ಹೊತ್ತು ಬಿಟ್ಟರೆ ನೀರಿದ್ದರೆ ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ನೀರು ಕಂಡರೆ ಟ್ಯಾಂಕು ಪೂರ್ತಿ ಬರಿದು ಮಾಡಿ, ಒರೆಸಿ, ಜಾಲರಿಯನ್ನು ತೊಳೆದು ಹೊಸ ಆಯಿಲ್ ಹಾಕಬೇಕು.

ಬಳಿಕ ಪೈಪುಗಳು. ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಓಡುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದರ್ಥ. ಕ್ಲಿಪ್ಪಿನ ಬಳಿಯ ಬಿರುಕು ಬೆರಳಿನಿಂದ ಬಾಗಿಸಿದಾಗಲೇ ಕಾಣುತ್ತದೆ. ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ 2025ರಲ್ಲಿ ಶೇ 20ಕ್ಕೆ ತಲುಪಿದೆ. ಔಟ್‌ಬೋರ್ಡ್ ತಯಾರಕರು ಸಾಮಾನ್ಯವಾಗಿ ಒಪ್ಪುವ ಮಿತಿ ಶೇ 10. ಎಥೆನಾಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ, ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ವಿಆರ್‌ಓದಂತೆ ಪೆಟ್ರೋಲ್ ಮತ್ತು ಆಯಿಲ್ ಒಂದೇ ಪಂಪಿನಲ್ಲಿ ಸಾಗುವ ಎಂಜಿನ್‌ಗಳಲ್ಲಿ ಪೆಟ್ರೋಲ್ ಕಡೆಯ ಪೈಪು, ಪ್ರೈಮರ್ ಬಲ್ಬು, ಫಿಲ್ಟರುಗಳನ್ನೂ ನೋಡದೆ ಬಿಡುವಂತಿಲ್ಲ. ಟ್ಯಾಂಕು ಒಮ್ಮೆ ಪೂರ್ತಿ ಖಾಲಿಯಾಗಿದ್ದರೆ ಪಂಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಕೈಪಿಡಿ ಹೇಳುವ ವಿಧಾನದಲ್ಲಿ ಹೊರಹಾಕಬೇಕು. ಬರೀ ಆಯಿಲ್ ತುಂಬಿದರೆ ಸಾಲದು.

ಎಲ್ಲಕ್ಕಿಂತ ನಂಬಬಹುದಾದ ಪರೀಕ್ಷೆ ಬಳಕೆಯ ಲೆಕ್ಕ. ಆಯಿಲ್ ಟ್ಯಾಂಕಿನ ಮಟ್ಟಕ್ಕೆ ಟೇಪ್ ಅಂಟಿಸಿ ಗುರುತು ಮಾಡಬೇಕು. ಪೆಟ್ರೋಲ್ ಕ್ಯಾನಿಗೆ ಮುನ್ನೆಚ್ಚರಿಕೆಯಾಗಿ 50ಕ್ಕೆ 1 ಮಿಶ್ರಣ ಹಾಕಿಕೊಂಡು, ನಿಧಾನ ಮತ್ತು ವೇಗ ಎರಡರಲ್ಲೂ ಓಡಿಸಿ, 20 ಲೀಟರ್ ಮುಗಿದಾಗ ಟ್ಯಾಂಕಿನ ಆಯಿಲ್ ಎಷ್ಟು ಇಳಿಯಿತೆಂದು ಅಳೆಯಬೇಕು. 50ಕ್ಕೆ 1ರ ಲೆಕ್ಕದಲ್ಲಿ 400 ಮಿಲಿಲೀಟರ್, 100ಕ್ಕೆ 1ರಲ್ಲಿ 200, 150ಕ್ಕೆ 1ರಲ್ಲಿ ಸುಮಾರು 130 ಮಿಲಿಲೀಟರ್ ಇಳಿಯಬೇಕು. ವಿಆರ್‌ಓ ಎಂಜಿನ್ ಈ ಎರಡು ತುದಿಗಳ ನಡುವೆ ನಿಂತರೆ ಪಂಪ್ ಕೆಲಸ ಮಾಡುತ್ತಿದೆ. ಗುರುತು ಅಲುಗದೇ ಇದ್ದರೆ ಅಲಾರಂ ಹೇಳಿದ್ದು ನಿಜ. ಪಂಪಿನ ದುರಸ್ತಿ ಅನುಭವಿ ಮೆಕ್ಯಾನಿಕ್‌ಗೆ ಬಿಡಬೇಕು.

ಸೆನ್ಸರ್ ಸುಳ್ಳು ಹೇಳಿದಾಗ

ಬಳಕೆಯ ಲೆಕ್ಕ ಸರಿಬಂದು, ನೀರೂ ಇಲ್ಲ, ಗಾಳಿಯೂ ಇಲ್ಲ ಎಂದು ಖಾತರಿಯಾದ ಮೇಲಷ್ಟೇ ಸೆನ್ಸರನ್ನು ಅನುಮಾನಿಸಬಹುದು. ಹೆಚ್ಚಿನ ಟ್ಯಾಂಕುಗಳಲ್ಲಿ ಇದರ ರಚನೆ ಸರಳ. ಮುಚ್ಚಳದಿಂದ ಕೆಳಗಿಳಿದ ಪ್ಲಾಸ್ಟಿಕ್ ಕಡ್ಡಿಯ ಮೇಲೆ ಸಣ್ಣ ಫ್ಲೋಟ್ ಮೇಲೆ ಕೆಳಗೆ ಜಾರುತ್ತದೆ. ಫ್ಲೋಟಿನೊಳಗೆ ಮ್ಯಾಗ್ನೆಟ್, ಕಡ್ಡಿಯೊಳಗೆ ಗಾಜಿನ ಕೊಳವೆಯಲ್ಲಿ ರೀಡ್ ಸ್ವಿಚ್. ಆಯಿಲ್ ತಗ್ಗಿದಾಗ ಫ್ಲೋಟ್ ಇಳಿದು, ಮ್ಯಾಗ್ನೆಟ್ ಸ್ವಿಚ್ಚನ್ನು ಮುಟ್ಟಿಸುತ್ತದೆ. ತಂತಿ ಅರ್ಥ್ ಆಗಿ ಹಾರ್ನ್ ಕೂಗುತ್ತದೆ. ವರ್ಷಗಟ್ಟಲೆ ನಿಂತ ಆಯಿಲ್ ಅಂಟಾಗಿ ಫ್ಲೋಟನ್ನು ಕೆಳಗೇ ಹಿಡಿದಿಟ್ಟರೆ ತುಂಬಿದ ಟ್ಯಾಂಕೂ ಖಾಲಿ ಎಂದೇ ವರದಿಯಾಗುತ್ತದೆ. ಕಡ್ಡಿಯನ್ನು ಹೊರತೆಗೆದು ಒರೆಸಿ, ಮಲ್ಟಿಮೀಟರಿನ ಎರಡು ಮೊನೆ ತಂತಿಗೆ ಇಟ್ಟು, ಫ್ಲೋಟನ್ನು ಬೆರಳಿನಿಂದ ಏರಿಸಿ ಇಳಿಸಿದರೆ ಬೀಪ್ ಬಂದು ನಿಲ್ಲಬೇಕು. ಎರಡೂ ಕಡೆ ಬೀಪ್ ಬಂದರೆ, ಅಥವಾ ಎಲ್ಲೂ ಬರದಿದ್ದರೆ ಸ್ವಿಚ್ ಸತ್ತಿದೆ.

ತಂತಿಯ ಪರೀಕ್ಷೆಗೆ ಎಂಜಿನ್ ಓಡಬೇಕಿಲ್ಲ. ಕೀಲಿ ಆನ್ ಮಾಡಿದಾಗಲೂ ಹಾರ್ನ್ ಕೂಗುವ ಮಾದರಿಯಾದರೆ ಸೆನ್ಸರ್ ಕನೆಕ್ಟರ್ ಕಳಚಿ ಕೇಳಬೇಕು. ಹಾರ್ನ್ ನಿಂತರೆ ದೋಷ ಸೆನ್ಸರ್ ಕಡೆಗಿದೆ. ನಿಲ್ಲದಿದ್ದರೆ ಹಾದಿಯಲ್ಲಿ ತಂತಿ ಸಿಪ್ಪೆ ಸುಲಿದು ಲೋಹಕ್ಕೆ ತಗುಲಿದೆ, ಇಲ್ಲವೇ ಕೂಗುತ್ತಿರುವುದು ಬಿಸಿಯ ಸೆನ್ಸರ್. ಮರ್ಕ್ಯುರಿ ವಿ-6ರಲ್ಲಿ ಫ್ಲೋಟಿನ ತಂತಿ ಕಳಚಿದ ಮೇಲೂ, ಎಂಜಿನ್ ಓಡುವಾಗ ತಡೆತಡೆದ ಕೂಗು ಬಂದರೆ ಪಂಪ್ ತಿರುಗುತ್ತಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಅಲ್ಲಿನ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದಿರುವ ಸಾಧ್ಯತೆಯನ್ನು ಲಘುವಾಗಿ ಕಾಣಬಾರದು. ಬ್ಯಾಟರಿ ಇಳಿದಿದ್ದರೆ, ಅರ್ಥ್ ತಂತಿ ಸಡಿಲವಿದ್ದರೆ ಗುರುತುದೀಪಗಳು ಅರ್ಥವಿಲ್ಲದೆ ಮಿನುಗುವುದೂ ಉಂಟು.

ಕೂಗಿನ ಕಿರಿಕಿರಿ ತಾಳದೆ ಹಾರ್ನಿನ ತಂತಿಯನ್ನೇ ಕತ್ತರಿಸಿಡುವ ರೂಢಿ ಹಲವೆಡೆ ಇದೆ. ಇದು ಅತ್ಯಂತ ಕೆಟ್ಟ ದುರಸ್ತಿ. ಅಂಥ ಎಂಜಿನ್ ಅತಿಯಾಗಿ ಕಾದಾಗಲೂ ಬಾಯಿ ಬಿಡುವುದಿಲ್ಲ. ಪಂಪನ್ನು ನಂಬದ ಮಾಲೀಕರು ಅದನ್ನು ಕ್ರಮಬದ್ಧವಾಗಿ ತೆಗೆಸಿ ಕೈಮಿಶ್ರಣಕ್ಕೆ ಮರಳಬಹುದು. ಹಾಗೆ ಮಾಡಿದರೆ ಎಂಜಿನ್ ಮೇಲೆ ‘ಪೆಟ್ರೋಲಿಗೆ ಆಯಿಲ್ ಬೆರೆಸಿ’ ಎಂದು ದೊಡ್ಡದಾಗಿ ಬರೆದಿರಬೇಕು, ಬಿಸಿಯ ಅಲಾರಂ ಮಾತ್ರ ಉಳಿದಿರಬೇಕು.

ನಾಲ್ಕು ಸ್ಟ್ರೋಕಿನ ಎಂಜಿನ್‌ಗಳಲ್ಲಿ

ಇವುಗಳಲ್ಲಿ ಕಾರಿನಂತೆ ಸಂಪ್ ಇದ್ದು, ಅಲಾರಂ ಆಯಿಲ್ಲಿನ ಮಟ್ಟಕ್ಕಲ್ಲ, ಒತ್ತಡಕ್ಕೆ ಸ್ಪಂದಿಸುತ್ತದೆ. ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಬೇಕು. ಓರೆಯಾಗಿದ್ದರೆ ಅಳತೆ ತಪ್ಪುತ್ತದೆ. ಮಟ್ಟ ಕಡಿಮೆಯಿದ್ದರೆ ತೊಂದರೆ ಇದ್ದದ್ದೇ. ಹಾಕಿದ್ದಕ್ಕಿಂತ ಹೆಚ್ಚಾಗಿದ್ದರೂ ತೊಂದರೆ. ತುಂಬ ಹೊತ್ತು ನಿಧಾನವಾಗಿ ಓಡಿದ ಎಂಜಿನ್‌ನಲ್ಲಿ ಉರಿಯದ ಪೆಟ್ರೋಲ್ ಸಂಪಿಗೆ ಇಳಿದು ಆಯಿಲ್ ತೆಳುವಾಗುತ್ತದೆ. ಮನೆಗಳ ಸಂದಿಯಲ್ಲಿ ತೆವಳುತ್ತ ಸಾಗುವ ರಕ್ಷಣಾ ದೋಣಿಗೆ ಈ ಅಪಾಯ ಹೆಚ್ಚು. ಡಿಪ್‌ಸ್ಟಿಕ್ ಪೆಟ್ರೋಲ್ ವಾಸನೆ ಹೊಡೆದರೆ ಆಯಿಲ್ ಬದಲಿಸಬೇಕು. ಆಯಿಲ್ ಸರಿಯಿದ್ದೂ ಅಲಾರಂ ಬಂದರೆ ಒತ್ತಡದ ಸ್ವಿಚ್ ಕಳಚಿ ಅದೇ ತೂತಿಗೆ ಮೀಟರ್ ಕೂರಿಸಿ ನಿಜವಾದ ಒತ್ತಡ ಅಳೆಯಬೇಕು. ಅಳೆಯದೆ ಸ್ವಿಚ್ ಬದಲಿಸುವುದು ಊಹೆಯ ದುರಸ್ತಿಯಾಗುತ್ತದೆ.

ಕರಾವಳಿಯ ನಾಡದೋಣಿಗಳು

ರಾಜ್ಯದಲ್ಲಿ ಔಟ್‌ಬೋರ್ಡ್ ಬಳಕೆಯ ದೊಡ್ಡ ನೆಲೆ ಕರಾವಳಿ. ಮಂಗಳೂರಿನಿಂದ ಕಾರವಾರದವರೆಗೆ ನಾಡದೋಣಿಗಳಿಗೆ ಸೀಮೆಎಣ್ಣೆಯ ಎರಡು ಸ್ಟ್ರೋಕ್ ಎಂಜಿನ್‌ಗಳು ಬಳಕೆಯಲ್ಲಿವೆ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದಾಗ 10 ಅಶ್ವಶಕ್ತಿವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಕಡಲಿಗಿಳಿಯಲು ಅವಕಾಶವಿದೆ. ಈ ಸಣ್ಣ ಎಂಜಿನ್‌ಗಳಿಗೆ ಕೈಯಿಂದಲೇ ಆಯಿಲ್ ಬೆರೆಸುವುದು. ಅಲಾರಮ್ಮಿನ ಕೆಲಸವನ್ನು ಇಲ್ಲಿ ಮಾಡುವುದು ಚಾಲಕನ ಕಣ್ಣು, ಕಿವಿ: ಹೊಗೆ ತೆಳುವಾದದ್ದು, ಸದ್ದು ಗಡುಸಾದದ್ದು, ಪ್ಲಗ್ ಬಿಳಿಚಿದ್ದು. ಪ್ರತಿ ಕ್ಯಾನಿಗೂ ಆಯಿಲ್ ಬೆರೆಸಿದ ಕೂಡಲೇ ಗುರುತು ಹಾಕುವ ಅಭ್ಯಾಸ ಒಳನಾಡಿನ ರಕ್ಷಣಾ ತಂಡಗಳಿಗೂ ಉಪಯುಕ್ತ.

ಮುಂಗಾರಿಗೆ ಮುಂಚೆ

ಪ್ರತಿ ವರ್ಷ ಮೇ ತಿಂಗಳಲ್ಲಿ ಓಬಿಎಂಗಳನ್ನು ಉಗ್ರಾಣದಿಂದ ತೆಗೆದು, ದೊಡ್ಡ ಡ್ರಮ್ಮಿನ ನೀರಿನಲ್ಲಿ ಗೇರುಭಾಗ ಮುಳುಗಿಸಿ ಓಡಿಸಿ ನೋಡಬೇಕು. ನೀರಿಲ್ಲದೆ ಎಂಜಿನ್ ಚಾಲೂ ಮಾಡಿದರೆ ನೀರೆಳೆಯುವ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗುತ್ತದೆ. ಕೀಲಿ ಆನ್ ಮಾಡಿದಾಗ ತಾನೇ ಒಮ್ಮೆ ಕೂಗಿ ಪರೀಕ್ಷಿಸಿಕೊಳ್ಳುವ ಮಾದರಿಯಾದರೆ ಆ ಕೂಗು ಬರಬೇಕು. ಬರದಿದ್ದರೆ ಹಾರ್ನ್, ಫ್ಯೂಸ್, ತಂತಿ ನೋಡಬೇಕು. ಫ್ಲೋಟನ್ನು ಕೈಯಿಂದ ಇಳಿಸಿ ಅಲಾರಂ ಬರುತ್ತದೆಯೇ ಎಂದು ಖಾತರಿ ಮಾಡಿಕೊಳ್ಳಬೇಕು. ಹಳೆಯ ಪೆಟ್ರೋಲ್ ಚೆಲ್ಲಿ ಹೊಸದು ತುಂಬಬೇಕು. ಪೈಪು, ಗ್ಯಾಸ್ಕೆಟ್, ಪ್ಲಗ್, ಇಂಪೆಲ್ಲರ್‌ಗಳ ಒಂದೊಂದು ಜೊತೆ ಪೆಟ್ಟಿಗೆಯಲ್ಲಿರಬೇಕು. ಹಳೆಯ ಮಾದರಿಯ ಬಿಡಿಭಾಗಗಳು ಬೇಕೆಂದ ದಿನ ಕೈಗೆ ಸಿಗುವುದಿಲ್ಲ.

ಭೀಮಾ, ಕಾಗಿಣಾ, ಬೆಣ್ಣೆತೊರಾ ದಂಡೆಯ ತಾಲೂಕುಗಳಲ್ಲಿ ದೋಣಿ ಇಟ್ಟುಕೊಂಡಿರುವ ಪ್ರತಿ ಇಲಾಖೆಯೂ ಈ ಪರೀಕ್ಷೆಯನ್ನು ವಾರ್ಷಿಕ ಕೆಲಸವಾಗಿ ದಾಖಲಿಸಿಕೊಳ್ಳಬೇಕು. ಅಲಾರಂ ಪರೀಕ್ಷಿಸಿದ ದಿನಾಂಕ, ಹಾಕಿದ ಆಯಿಲ್ಲಿನ ದರ್ಜೆ ಮತ್ತು ಮಿಶ್ರಣದ ಪ್ರಮಾಣ, ಈ ಮೂರನ್ನು ಎಂಜಿನ್ ಮುಚ್ಚಳದ ಒಳಬದಿಗೆ ಬರೆದು ಅಂಟಿಸಲಿ. ಮುಂದಿನ ಪ್ರವಾಹದಲ್ಲಿ ಆ ಎಂಜಿನ್ನಿನ ಹಗ್ಗ ಎಳೆಯುವವರು ಬೇರೆಯವರಾಗಿರಬಹುದು. ಅವರಿಗೆ ಈ ಮೂರು ಸಾಲು ಕೈಗೆ ಸಿಗಬೇಕು.